ಶುಕ್ರವಾರದ ಅರ್ಧ ಪೈಂಟ್

ಥುಕ್ಬಾ, ಅಲ್ ಖೋಬರ್
4 ಅಕ್ಟೋಬರ್ 2024

ಪ್ರೀತಿಯ ಅಕ್ಷಿ,

ಫೋನಿನಲ್ಲಿ ನಾನು "ಹ್ಞೂಂ", "ಸರಿ" ಬಿಟ್ಟು ಬೇರೇನೂ ಹೇಳುವುದಿಲ್ಲ ಎಂದು ಬೈದೆಯಲ್ಲ, ಅದಕ್ಕೇ ಈ ಮೇಲ್. ಒಂದು ಕೋಣೆಯಲ್ಲಿ ಮೂವರು ಗಂಡಸರು ಇರುವಾಗ ಹೆಂಡತಿಯ ಹತ್ತಿರ ಎಂತ ಮಾತಾಡುವುದು ಹೇಳು. ನಾನು ಫೋನ್ ಹಿಡಿದರೆ ಸಾಕು, ಉಳಿದಿಬ್ಬರೂ ಏನೂ ಕೇಳಿಸದವರ ಹಾಗೆ ಗೋಡೆ ನೋಡುತ್ತಾರೆ. ಬರೆಯುವುದಾದರೆ ಆ ತೊಂದರೆ ಇಲ್ಲ.

ಇಬ್ಬರ ಪರಿಚಯ ಹೇಳುತ್ತೇನೆ. ಒಬ್ಬರು ಕಾಪುವಿನ ಅಬ್ದುಲ್ ಹಮೀದ್, ನಮ್ಮ ಕಂಪನಿಯ ಗಾಡಿ ಓಡಿಸುವವರು. ಎಲ್ಲರೂ ಹಮೀದಾಕ ಎಂದೇ ಕರೆಯುವುದು. ಐದು ಹೊತ್ತು ನಮಾಜು ತಪ್ಪಿಸುವವರಲ್ಲ. ಮೀನು ಪದಾರ್ಥ ಮಾಡಿದರೆ ನಮಗಿಬ್ಬರಿಗೆ ಬಡಿಸಿಯೇ ತಾವು ಉಣ್ಣುವುದು. ಇನ್ನೊಬ್ಬ ಕಾರ್ಕಳದ ದೀಕ್ಷಿತ್, ಏಸಿ ಡಕ್ಟ್ ಕೆಲಸದವ, ನನಗಿಂತ ನಾಲ್ಕೈದು ವರ್ಷ ಚಿಕ್ಕವ. ಊರಲ್ಲಿ ಅವನಿಗೆ ತಾಯಿ ಒಬ್ಬರೇ. ಬಾಯಿ ಬಿಟ್ಟರೆ ತಮಾಷೆ. ಅವನಿಲ್ಲದಿದ್ದರೆ ನಾನು ಈ ಮೂರು ತಿಂಗಳಲ್ಲಿ ಹುಚ್ಚನಾಗುತ್ತಿದ್ದೆ.

ಕೆಲಸ ಒಳ್ಳೆಯದೇ. ಇಡೀ ಕಟ್ಟಡವನ್ನು ತಂಪು ಮಾಡುವ ಯಂತ್ರಗಳು, ನನ್ನ ಕೈಕೆಳಗೆ ಜನ. ಚೆಸ್ಟರ್‌ಫೀಲ್ಡಿನಲ್ಲಿ ನಿನ್ನ ನರ್ಸ್ ವೀಸಾದ ಬಾಲ ಹಿಡಿದು ಇಂಗ್ಲೆಂಡಿಗೆ ಬಂದವನು ಎಂದು ಅನಿಸುತ್ತಿತ್ತಲ್ಲ, ಅದು ಇಲ್ಲಿಲ್ಲ. ಆದರೆ ಶುಕ್ರವಾರ ಬಂದರೆ ಕಷ್ಟ. ಇಲ್ಲಿ ಶುಕ್ರವಾರ ರಜೆ. ಅಲ್ಲಿ ಶುಕ್ರವಾರ ಸಂಜೆ ನಾನೆಲ್ಲಿ ಇರುತ್ತಿದ್ದೆ ಎಂದು ನಿನಗೆ ಗೊತ್ತು. ಬ್ರೆಂಡಾಳ ಪಬ್ಬಿನ ನೆಲಮಾಳಿಗೆಯ ತಂಪು ಯಂತ್ರವನ್ನು ರಿಪೇರಿ ಮಾಡಲು ಹೋದವನು ಮೇಲೆ ಬಂದು ಕಿಟಕಿಯ ಹತ್ತಿರ ಕೂತೆ. ಆಮೇಲೆ ಐದು ವರ್ಷ ಏಳಲೇ ಇಲ್ಲ ಎನ್ನಬೇಕು.

ನನಗಾಗಿ ಒಂದು ಕೆಲಸ ಮಾಡು. ಶುಕ್ರವಾರ ಬಿಡುವಿದ್ದರೆ ಅಲ್ಲಿಗೆ ಹೋಗಿ ಅರ್ಧ ಪೈಂಟ್ ಕುಡಿ. ರುಚಿ ಹೇಗಿತ್ತು ಎಂದು ನನಗೆ ಬರೆ. ಆದರೆ ಅದರ ಹೆಸರು ಬರೆಯಬೇಡ ಮಾರಾಯ್ತಿ, ಇದು ಸೌದಿ. ಕಷಾಯ ಎಂದು ಬರೆ. ಯಾರು ಓದುತ್ತಾರೆ ಎಂದು ನೀನು ನಗಬಹುದು. ಆದರೂ ಹೆದರಿಕೆ ಹೆದರಿಕೆಯೇ.

ಖೋಬರಿನ ಆಸ್ಪತ್ರೆಯ ಕೆಲಸಕ್ಕೆ ನಿನ್ನ ಸರ್ಟಿಫಿಕೇಟುಗಳನ್ನು ಕಳಿಸಿದೆಯಾ? ನೀನು ಬಂದರೆ ಫ್ಯಾಮಿಲಿ ಫ್ಲ್ಯಾಟ್ ಕೇಳಬಹುದು.

ನಿನ್ನ
ಸುಜಿತ್


ಚೆಸ್ಟರ್‌ಫೀಲ್ಡ್
13 ಅಕ್ಟೋಬರ್ 2024

ಇವರೇ,

ಹೋಗಿ ಬಂದೆ. ಬಾಗಿಲ ಹೊರಗೆ ಎಷ್ಟು ಹೊತ್ತು ನಿಂತಿದ್ದೆ ಎಂದು ಕೇಳಬೇಡಿ. ಒಳಗಿನಿಂದ ನಗು ಕೇಳುತ್ತಿತ್ತು. ಸುರತ್ಕಲ್ಲಿನ ನನ್ನ ಅಮ್ಮ ಈಗ ಇಲ್ಲಿಗೆ ಬಂದರೆ ಎಂತ ಹೇಳಬಹುದು ಎಂದು ಯೋಚಿಸುತ್ತ ನಿಂತಿದ್ದೆ. ಕೊನೆಗೆ ಒಬ್ಬ ಮುದುಕ ನಾಯಿಯ ಜೊತೆ ಬಂದು ನನಗಾಗಿ ಬಾಗಿಲು ಹಿಡಿದು ನಿಂತ. ಒಳಗೆ ಹೋಗದೆ ಉಪಾಯವಿರಲಿಲ್ಲ.

ಬ್ರೆಂಡಾ ನೋಡಿದ ಕೂಡಲೇ, "ಓ, ಫ್ರಿಜ್ ಡಾಕ್ಟರನ ಹೆಂಡತಿ! ಅವನು ಹೋದ ಮೇಲೆ ನನ್ನ ನೆಲಮಾಳಿಗೆಯನ್ನು ಕೇಳುವವರೇ ಇಲ್ಲ" ಎಂದಳು. ಅರ್ಧ ಪೈಂಟ್ ಕೇಳಿದೆ. ನೆಲಮಾಳಿಗೆಯ ಪೀಪಾಯಿಯಿಂದ ಮೇಲಕ್ಕೆ ಸೇದುವ ಪಂಪಿನ ಆ ಉದ್ದ ಹಿಡಿಕೆಯನ್ನು ಅವಳು ಎಳೆಯುವುದನ್ನು ಮೊದಲ ಸಲ ನೋಡಿದ್ದು. ನಮ್ಮಜ್ಜಿ ಬಾವಿಯಿಂದ ನೀರು ಸೇದುವಾಗ ಸೊಂಟ ಹೀಗೇ ಬಾಗುತ್ತಿತ್ತು. ಲೋಟ ತುಂಬಿದಾಗ ಒಳಗೆ ಕೆಸರು ಕದಡಿದ ಹಾಗೆ ಇತ್ತು. ನಿಧಾನಕ್ಕೆ ತಳದಿಂದ ತಿಳಿಯಾಗುತ್ತ ಬಂತು.

ರುಚಿ ಕೇಳಿದ್ದೀರಿ. ಮೊದಲ ಗುಟುಕಿಗೆ, ಇದಕ್ಕೋ ಈ ಮನುಷ್ಯ ಪ್ರತಿ ವಾರ ಊಟ ಆರಲು ಬಿಡುತ್ತಿದ್ದದ್ದು ಎನಿಸಿತು. ಐಸಿನಂತೆ ತಣ್ಣಗಿಲ್ಲ, ಮೂಗಿಗೆ ಹೊಡೆಯುವ ಗ್ಯಾಸೂ ಇಲ್ಲ. ಮಣ್ಣಿನ ಕೊಡದಲ್ಲಿಟ್ಟ ನೀರಿನಷ್ಟು ತಂಪು. ಎರಡನೆಯ ಗುಟುಕಿಗೆ ತಳ ಹಿಡಿದ ಬೆಲ್ಲದ ಪಾಕದ ವಾಸನೆ ಬಂತು, ಆಮೇಲೆ ಕಿತ್ತಳೆ ಸಿಪ್ಪೆ ಕಚ್ಚಿದ ಕಹಿ. ಆ ಕಹಿ ಹೋಗುವ ಹೊತ್ತಿಗೆ ಇನ್ನೊಂದು ಗುಟುಕು ಬೇಕು ಎನಿಸುತ್ತದೆ. ಇದು ಮೋಸ! ಅಮಲು ಎಂತದೂ ಇಲ್ಲ. ಕೂತು ಮಾತಾಡಲಿಕ್ಕೆಂದೇ ಮಾಡಿದ್ದು, ಅಮಲೇರಲಿಕ್ಕಲ್ಲ ಎಂದು ಆ ಮುದುಕ ಹೇಳಿದ. ಅವನು ಹಿಂದೆ ಪೋಸ್ಟ್‌ಮ್ಯಾನ್ ಆಗಿದ್ದನಂತೆ. ಅವನ ನಾಯಿ ಇಡೀ ಹೊತ್ತು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು.

ಸರ್ಟಿಫಿಕೇಟಿನ ವಿಷಯ ನೋಡುತ್ತೇನೆ. ವಾರ್ಡಿನಲ್ಲಿ ಜನ ಕಡಿಮೆ, ಪುರುಸೊತ್ತಿಲ್ಲ.

ಅಕ್ಷಿತಾ

ಕಷಾಯ ಎಂದು ಬರೆಯಲು ಮರೆತೆ ನೋಡಿ. ಎಲ್ಲಿಯೂ ಹೆಸರು ಹಾಕಿಲ್ಲ, ಸಾಕಲ್ಲ?


ಥುಕ್ಬಾ
1 ನವೆಂಬರ್ 2024

ಪ್ರೀತಿಯ ಅಕ್ಷಿ,

ದೀಪಾವಳಿಯ ಶುಭಾಶಯ. ದೀಕ್ಷಿತ್ ಎಲ್ಲಿಂದಲೋ ಹಣತೆ ತಂದ. ಕಿಟಕಿಯಲ್ಲಿಟ್ಟು ಪರದೆ ಎಳೆದೆವು. ಹಮೀದಾಕ ಹಲ್ವ ತಂದುಕೊಟ್ಟರು.

ನಿನ್ನ ಮೇಲನ್ನು ಎಷ್ಟು ಸಲ ಓದಿದೆನೋ. ತಳದಿಂದ ತಿಳಿಯಾಗುತ್ತ ಬಂತು ಎಂದೆಯಲ್ಲ, ಅಲ್ಲಿಗೆ ಬಂದಾಗ ಬಾಯಲ್ಲಿ ನೀರು ಬಂತು. ಅದಕ್ಕೆ ಯಾಕೆ ನಾನು ಹಾಗೆ ಮರುಳಾದೆ ಎಂದು ನಿನಗೆ ಹೇಳಿಯೇ ಇರಲಿಲ್ಲ. ನನ್ನ ಅಜ್ಜ, ಐತ ಎಂದು ಹೆಸರು, ಶೇಂದಿ ಇಳಿಸುವವರು. ಬೆಳಿಗ್ಗೆ ಮರದಿಂದ ಇಳಿದ ಕೂಡಲೇ ಒಂದು ರುಚಿ, ಮಧ್ಯಾಹ್ನಕ್ಕೆ ಇನ್ನೊಂದು, ಮಾರನೆಯ ದಿನಕ್ಕೆ ಹುಳಿ. "ಅದಕ್ಕೆ ಜೀವ ಉಂಟು ಮಗಾ, ಜೀವ ಇರುವುದನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ" ಎನ್ನುತ್ತಿದ್ದರು. ಬ್ರೆಂಡಾಳ ನೆಲಮಾಳಿಗೆಯಲ್ಲಿ ಮೊದಲ ಸಲ ಪೀಪಾಯಿಗೆ ಕಿವಿಯಿಟ್ಟಾಗ ಒಳಗೆ ಗುಸುಗುಸು ಕೇಳಿತು. ಇನ್ನೂ ಹುದುಗು ಏಳುತ್ತಿತ್ತು. ಒಮ್ಮೆ ತೆರೆದರೆ ಕೆಲವೇ ದಿನಗಳಲ್ಲಿ ಮುಗಿಸಬೇಕು ಎಂದಳು. ಅಷ್ಟು ದೂರದ ದೇಶದಲ್ಲಿ, ನನ್ನ ಭಾಷೆ ತಿಳಿಯದ ಹೆಂಗಸು ನನ್ನ ಅಜ್ಜನ ಮಾತನ್ನೇ ಹೇಳಿದ ಹಾಗಾಯಿತು.

ಈ ಕಥೆ ಇಲ್ಲಿ ದೀಕ್ಷಿತನಿಗೂ ಹೇಳಿದೆ. ಅವನ ತಂದೆಯದೂ ಅದೇ ಕೆಲಸವಂತೆ. ಎಂಟು ವರ್ಷದಿಂದ ಇಲ್ಲಿದ್ದಾನೆ, ಒಂದು ಹನಿ ಮುಟ್ಟಿಲ್ಲ. "ಸುಜಿತಣ್ಣ, ನೀವು ಹೇಳುವುದು ಕೇಳಿದ್ರೆ ನಾಲಗೆ ತುರಿಸ್ತದೆ ಮಾರಾಯ್ರೆ" ಎಂದ. ನಾವಿಬ್ಬರೂ ಸೇರಿ ಬಚ್ಚಲಲ್ಲಿ ಒಂದು ಸಣ್ಣ ಪ್ರಯೋಗ ಮಾಡುತ್ತಿದ್ದೇವೆ. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಆ ಪೋಸ್ಟ್‌ಮ್ಯಾನ್ ಪ್ರತಿ ಶುಕ್ರವಾರ ನಿನ್ನ ಮೇಜಿಗೇ ಬಂದು ಕೂರುತ್ತಾನಾ? ಸುಮ್ಮನೆ ಕೇಳಿದೆ.

ಸರ್ಟಿಫಿಕೇಟು?

ಸುಜಿತ್


ಚೆಸ್ಟರ್‌ಫೀಲ್ಡ್
5 ನವೆಂಬರ್ 2024

ಇವರೇ,

ಎಂತ ಪ್ರಯೋಗ? ಫೋನ್ ಮಾಡಿದರೆ "ಆಮೇಲೆ, ಆಮೇಲೆ" ಎಂದು ಇಟ್ಟುಬಿಟ್ಟಿರಿ. ಹಮೀದಾಕನಿಗೆ ಗೊತ್ತುಂಟಾ? ಅವರು ನಮಾಜು ಮಾಡುವ ಗೋಡೆಯ ಆಚೆ ಬದಿಯಲ್ಲಿ ನೀವಿಬ್ಬರು ಇದನ್ನು ಮಾಡುವುದಾ? ಸಿಕ್ಕಿಬಿದ್ದರೆ ಅವರ ಹೆಸರೂ ಬರುವುದಿಲ್ಲವೇ?

ನಾನು ಬರೆದದ್ದರಿಂದಲೇ ನಿಮಗೆ ಈ ಆಸೆ ಹುಟ್ಟಿತು ಎನಿಸಿ ನಿನ್ನೆ ಡ್ಯೂಟಿಯಲ್ಲಿ ಒಬ್ಬರಿಗೆ ಕೊಡಬೇಕಾದ ಮಾತ್ರೆಯನ್ನು ಇನ್ನೊಬ್ಬರ ಟ್ರೇಯಲ್ಲಿಟ್ಟೆ. ಕೊಡುವ ಮೊದಲೇ ಕಂಡಿತು, ದೇವರ ದಯೆ. ಇನ್ನು ಮೇಲೆ ರುಚಿ ಬರೆಯುವುದಿಲ್ಲ. ಇವತ್ತೇ ಚೆಲ್ಲಿ. ಚೆಲ್ಲಿದೆ ಎಂದು ಒಂದು ಸಾಲು ಬರೆದರೆ ಸಾಕು.

ಪೋಸ್ಟ್‌ಮ್ಯಾನಿಗೆ ಎಂಬತ್ತರ ಮೇಲಾಗಿದೆ. ತಮಾಷೆಗೆ ಕೇಳಿದ್ದಾದರೂ ನನಗೆ ನಗು ಬರಲಿಲ್ಲ.

ಅಕ್ಷಿತಾ


ಥುಕ್ಬಾ
29 ನವೆಂಬರ್ 2024

ಪ್ರೀತಿಯ ಅಕ್ಷಿ,

ಚೆಲ್ಲಿದೆ. ಸಮಾಧಾನವಾಯಿತಾ? ಅದು ಕುಡಿಯುವ ಹಾಗೂ ಇರಲಿಲ್ಲ. ದೀಕ್ಷಿತ್ ಒಂದು ಗುಟುಕು ಬಾಯಿಗೆ ಹಾಕಿ, "ಇದೆಂತ ಮಾರಾಯ್ರೆ, ಹಳಸಿದ ಗಂಜಿ ತಿಳಿ!" ಎಂದ. ಇಬ್ಬರೂ ಬಚ್ಚಲಲ್ಲಿ ಕೂತು ಸದ್ದಾಗದಂತೆ ನಕ್ಕೆವು.

ಇಲ್ಲಿ ಚಳಿ ಶುರುವಾಗಿದೆ. ರಜೆಯ ದಿನ ಹಮೀದಾಕ ನಮ್ಮನ್ನು ಸಮುದ್ರದ ಬದಿಗೆ ಕರೆದುಕೊಂಡು ಹೋದರು. ಫ್ಲಾಸ್ಕಿನಲ್ಲಿ ಸುಲೈಮಾನಿ ಚಹಾ. ಅವರಿಗೆ ಏನೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಆಸ್ಪತ್ರೆಯಿಂದ ನನಗೆ ಫೋನ್ ಬಂದಿತ್ತು. ನಿನ್ನ ಕಡೆಯಿಂದ ಒಂದು ಕಾಗದವೂ ಬಂದಿಲ್ಲವಂತೆ. ನೀನು ಕಳಿಸಿದ್ದೀಯಲ್ಲ? ದಾರಿಯಲ್ಲಿ ಎಲ್ಲಾದರೂ ಸಿಕ್ಕಿಕೊಂಡಿರಬೇಕು ಎಂದು ಹೇಳಿದೆ.

ರುಚಿ ಬರೆಯುವುದು ನಿಲ್ಲಿಸಬೇಡ. ಅದೊಂದೇ ಉಳಿದಿರುವುದು.

ಸುಜಿತ್


ಚೆಸ್ಟರ್‌ಫೀಲ್ಡ್
15 ಡಿಸೆಂಬರ್ 2024

ಇವರೇ,

ಚೆಲ್ಲಿದ್ದಕ್ಕೆ ಥ್ಯಾಂಕ್ಸ್. ಈ ವಾರ ಚೆನ್ನಾಗಿ ನಿದ್ದೆ ಬಂತು.

ಬರೆಯುವುದಿಲ್ಲ ಎಂದಿದ್ದೆ, ಆದರೂ ಬರೆಯುತ್ತೇನೆ. ಚಳಿಗಾಲಕ್ಕೆಂದು ಬ್ರೆಂಡಾ ಹೊಸ ಪೀಪಾಯಿ ಇಳಿಸಿದ್ದಾಳೆ. ಬಣ್ಣ ಕಪ್ಪು ಕಾಫಿಯದು, ಹುರಿದ ಗೋಡಂಬಿಯ ವಾಸನೆ. ಹೊರಗೆ ಹಿಮ, ಒಳಗೆ ಒಲೆಯಲ್ಲಿ ಕಟ್ಟಿಗೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತರೆ ಇಡೀ ವಾರದ ಆಸ್ಪತ್ರೆ ಮೈಯಿಂದ ಇಳಿದು ಹೋಗುತ್ತದೆ. ಅರ್ಧ ಪೈಂಟಿನಲ್ಲಿ ಎರಡು ಗಂಟೆ ಕೂರುವುದನ್ನು ಕಲಿತಿದ್ದೇನೆ. ಬುಧವಾರಗಳಲ್ಲಿ ಕ್ವಿಝ್ ಉಂಟು. ಅಕ್ಕಿಯ ಬಗ್ಗೆ ಪ್ರಶ್ನೆ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಕಳೆದ ವಾರ ನಾನು ಹೋಗಲಿಲ್ಲ, ಜ್ವರ. ಪೋಸ್ಟ್‌ಮ್ಯಾನ್ ಸೂಪಿನ ಡಬ್ಬಿ ಹಿಡಿದು ಮನೆಗೆ ಬಂದಿದ್ದ. ನನಗೆ ಇಲ್ಲಿ ಜನ ಆಗಿದ್ದಾರೆ.

ಆಸ್ಪತ್ರೆಯವರಿಗೆ ಸ್ವಲ್ಪ ಕಾಯಲು ಹೇಳಿ. ಹೊಸ ವರ್ಷ ಕಳೆಯಲಿ.

ಅಕ್ಷಿತಾ


ಥುಕ್ಬಾ
10 ಜನವರಿ 2025, ಬೆಳಿಗ್ಗೆ

ಅಕ್ಷಿ,

ನಿನ್ನ ಫೋನ್ ಆಫ್ ಬರುತ್ತಿದೆ, ಡ್ಯೂಟಿಯಲ್ಲಿರಬೇಕು. ದೀಕ್ಷಿತನಿಗೆ ಹುಷಾರಿಲ್ಲ. ಬೆಳಿಗ್ಗೆಯಿಂದ ವಾಂತಿ, ತಲೆನೋವು, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದಾನೆ. ಕಣ್ಣು ಮಂಜು ಮಂಜು ಎನ್ನುತ್ತಾನೆ. ನಿನ್ನೆ ಹೊರಗೆ ಶವರ್ಮಾ ತಿಂದಿದ್ದ, ಅದೇ ಇರಬೇಕು. ಏನು ಕೊಡಲಿ? ಬೇಗ ಬರೆ.


ಚೆಸ್ಟರ್‌ಫೀಲ್ಡ್
10 ಜನವರಿ 2025

ಇವರೇ,

ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿದ್ದೇನೆ. ಊಟದ ವಿಷ ಇರಬಹುದು, ಅದಕ್ಕೆ ತಲೆನೋವೂ ಸೇರಿದೆ. ಉಪ್ಪು ಸಕ್ಕರೆ ನೀರು ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಪರದೆ ಎಳೆದು ಕತ್ತಲೆ ಮಾಡಿ ಮಲಗಿಸಿ. ಸಂಜೆಗೂ ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೆದರಬೇಡಿ.

ಅ.


ಚೆಸ್ಟರ್‌ಫೀಲ್ಡ್
10 ಜನವರಿ 2025, ಮತ್ತೆ

ಕಣ್ಣು ಮಂಜು ಎಂದಿರಿ. ಹಾಸಿಗೆಗೆ ಬಂದರೂ ಆ ಮಾತು ತಲೆಯಿಂದ ಹೋಗಲಿಲ್ಲ. ಶವರ್ಮಾ ತಿಂದವನಿಗೆ ಕಣ್ಣು ಯಾಕೆ ಮಂಜಾಗಬೇಕು?

ಅವನು ಏನು ಕುಡಿದಿದ್ದಾನೆ? ನನ್ನಾಣೆ, ನಿಜ ಹೇಳಿ. ಯಾರಾದರೂ ಕದ್ದು ಕಾಯಿಸಿದ ಸಾರಾಯಿ ಕುಡಿದಿದ್ದರೆ ಅದರಲ್ಲಿ ಕಣ್ಣು ತೆಗೆಯುವ ವಿಷ ಇರುತ್ತದೆ. ಜೀವವನ್ನೂ ತೆಗೆಯುತ್ತದೆ. ಅದಕ್ಕೆ ಮದ್ದು ಉಂಟು. ಆದರೆ ಏನು ಕುಡಿದದ್ದು ಎಂದು ಡಾಕ್ಟರಿಗೆ ಹೇಳಿದರೆ ಮಾತ್ರ. ತಡ ಮಾಡಿದಷ್ಟೂ ಕಣ್ಣು ಹೋಗುತ್ತದೆ. ಈ ಕ್ಷಣ ಹೊರಡಿ. ಪೊಲೀಸರು, ಕೆಲಸ, ಏನನ್ನೂ ಯೋಚಿಸಬೇಡಿ.

ನಾನು ಬೆಳಿಗ್ಗೆ ಬರೆದದ್ದನ್ನು ಮರೆತುಬಿಡಿ. ಫೋನ್ ಎತ್ತಿ. ಫೋನ್ ಎತ್ತಿ.


ಚೆಸ್ಟರ್‌ಫೀಲ್ಡ್
14 ಜನವರಿ 2025

ಇವರೇ,

ಹಮೀದಾಕ ಫೋನ್ ಮಾಡಿದ್ದರು. ದೀಕ್ಷಿತ್ ಐಸಿಯುವಿನಲ್ಲಿ, ಜೀವಕ್ಕೆ ಅಪಾಯವಿಲ್ಲ ಎಂದರು. ನಿಮ್ಮನ್ನು ಪೊಲೀಸರು ವಿಚಾರಣೆಗೆ ಕರೆದುಕೊಂಡು ಹೋಗಿದ್ದಾರೆ, ಫೋನ್ ಅಲ್ಲಿಯವರ ಹತ್ತಿರ ಇದೆ ಎಂದರು. "ಹೊಡೆಯುವುದು ಬಡಿಯುವುದು ಏನಿಲ್ಲ ತಂಗೀ, ಊಟ ಕೊಡ್ತಾರೆ" ಎಂದು ಎರಡೆರಡು ಸಲ ಹೇಳಿದರು. ಅವರ ದನಿಯಲ್ಲಿ ಸಿಟ್ಟಿತ್ತು. ನಿಮ್ಮ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ನೀವು ಇದನ್ನು ಯಾವಾಗ ಓದುತ್ತೀರೋ ಗೊತ್ತಿಲ್ಲ. ಆದರೂ ಬರೆಯದೆ ಕೂರಲು ಆಗುತ್ತಿಲ್ಲ. ಮೂರು ದಿನದಿಂದ ರಜೆ ಹಾಕಿದ್ದೇನೆ. ಅಕ್ಕಿ ತೊಳೆದು ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚಲು ಮರೆಯುತ್ತೇನೆ. ಪರದೆ ಎಳೆದು ಮಲಗಿಸಿ ಎಂದು ನಾನೇ ಬರೆದೆನಲ್ಲ, ಕಣ್ಣು ಮುಚ್ಚಿದರೆ ಅದೇ ಸಾಲು. ನೀವು ಶವರ್ಮಾ ಎಂದಿರಿ, ನಾನು ನಂಬಿದೆ.

ನಿಮ್ಮನ್ನು ಮಾತ್ರ ದೂರುವುದಕ್ಕೆ ನನಗೆ ಬಾಯಿಲ್ಲ. ಖೋಬರಿಗೆ ನಾನು ಒಂದು ಕಾಗದವನ್ನೂ ಕಳಿಸಲಿಲ್ಲ. ಕಳಿಸುವ ಮನಸ್ಸೂ ಇರಲಿಲ್ಲ. ಪ್ರತಿ ಸಲ ನೀವು ಕೇಳಿದಾಗ ವಾರ್ಡು, ಜ್ವರ, ಹೊಸ ವರ್ಷ ಎಂದು ಏನಾದರೊಂದು ಹೇಳಿದೆ. ಬರುವುದಿಲ್ಲ ಎಂದರೆ ನೀವು ನನ್ನನ್ನು ಬಿಟ್ಟು ಅಲ್ಲಿಯೇ ಉಳಿದುಬಿಡುತ್ತೀರಿ ಎಂಬ ಹೆದರಿಕೆ. ನೀವು ನನಗಾಗಿ ಫ್ಲ್ಯಾಟ್ ನೋಡುತ್ತ ಇದ್ದಿರಿ, ನಾನು ಒಲೆಯ ಮುಂದೆ ಲೋಟ ಹಿಡಿದು ಕೂತಿದ್ದೆ.

ಬಿಡುಗಡೆಯಾದ ಕೂಡಲೇ ಒಂದಕ್ಷರ ಬರೆಯಿರಿ.

ಅಕ್ಷಿತಾ


ಥುಕ್ಬಾ
21 ಫೆಬ್ರವರಿ 2025

ಪ್ರೀತಿಯ ಅಕ್ಷಿ,

ನಿನ್ನೆ ಫೋನಿನಲ್ಲಿ ಇಬ್ಬರೂ ಅತ್ತದ್ದೇ ಆಯಿತು. ನಿನ್ನ ಮೇಲುಗಳನ್ನೆಲ್ಲ ಒಟ್ಟಿಗೆ ಓದಿದೆ. ಸರ್ಟಿಫಿಕೇಟಿನ ವಿಷಯಕ್ಕೆ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ.

ನಡೆದದ್ದು ಇಷ್ಟು. ನಾವು ಮಾಡಿದ್ದರಲ್ಲಿ ಅಮಲು ಎಂತದೂ ಇಲ್ಲ ಎಂದು ದೀಕ್ಷಿತನಿಗೆ ಬೇಜಾರು. ಅವನ ಸೈಟಿನಲ್ಲಿ ಯಾರೋ ಒಬ್ಬ ನೀರಿನ ಬಾಟಲಿಯಲ್ಲಿ ಕದ್ದು ಮಾರುತ್ತಿದ್ದನಂತೆ. ಇಲ್ಲಿಯವರು ಅದನ್ನು ಸಿದ್ದೀಕಿ ಎನ್ನುತ್ತಾರೆ, ಅಂದರೆ ನನ್ನ ದೋಸ್ತ. ಗುರುವಾರ ಹಮೀದಾಕ ದಮ್ಮಾಮಿಗೆ ಗಾಡಿ ಒಯ್ದಿದ್ದರು. ಅವನು ಬಾಟಲಿ ತಂದ. ನನಗೂ ಸುರಿದ. ಮೂಗಿನ ಹತ್ತಿರ ತಂದಾಗ ಪೇಂಟಿನ ವಾಸನೆ ಹೊಡೆಯಿತು. ನಾನು ಇಟ್ಟುಬಿಟ್ಟೆ, ನೀನೂ ಬೇಡ ಎಂದೆ. "ಇಂಗ್ಲೆಂಡಿನ ಸಾಹೇಬ್ರಿಗೆ ಇದೆಲ್ಲ ಸೇರುವುದಿಲ್ಲ" ಎಂದು ನಗುತ್ತ ಕುಡಿದ. ಬೆಳಿಗ್ಗೆ ನಿನಗೆ ಬರೆದ ಹಾಗೆ ಆಯಿತು. ಶವರ್ಮಾ ಎಂದು ಸುಳ್ಳು ಬರೆದೆ.

ಹಮೀದಾಕ ಬೆಳಿಗ್ಗೆಯೇ ಊರವರೊಬ್ಬರನ್ನು ನೋಡಲು ಹೋದವರು ಮಧ್ಯಾಹ್ನದ ಜುಮಾ ನಮಾಜು ಮುಗಿಸಿ ಬಂದರು. ದೀಕ್ಷಿತನ ಮುಖ ನೋಡಿದರು, ಬಾಟಲಿ ನೋಡಿದರು. ಅವನನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಗಾಡಿಯಲ್ಲಿ ಮಲಗಿಸಿದರು. ದಾರಿಯಲ್ಲಿ ಕೇಳಿದ್ದು ಒಂದೇ:

"ಎಂತ ಕುಡಿದದ್ದು ಅಂತ ಡಾಕ್ಟರ್‌ಗೆ ನೀನು ಹೇಳ್ತೀಯಾ, ನಾನು ಹೇಳ್ಬೇಕಾ?"

"ನಾನು ಹೇಳ್ತೇನೆ ಹಮೀದಾಕ."

ಎಮರ್ಜೆನ್ಸಿಯಲ್ಲಿದ್ದದ್ದು ಲುಜೈನ್ ಎಂಬ ಸೌದಿ ಡಾಕ್ಟರ್, ಚಿಕ್ಕ ಪ್ರಾಯದ ಹೆಂಗಸು. ನಾನು ಹೇಳಿದೆ. ಬಾಟಲಿಯನ್ನೂ ಮೇಜಿನ ಮೇಲಿಟ್ಟೆ. ಅವಳು ಬೈಯಲಿಲ್ಲ. ನರ್ಸಿಗೆ ಏನೋ ಕೂಗಿ ಹೇಳಿ ಓಡಿದಳು. ಆಮೇಲೆ ಬಂದು, "ನೀನು ಹೇಳದಿದ್ದರೆ ನಾವು ಹೊಟ್ಟೆಗೆ ಮದ್ದು ಕೊಡುತ್ತ ಕೂರುತ್ತಿದ್ದೆವು. ಪೊಲೀಸರಿಗೆ ತಿಳಿಸುವುದು ನಮ್ಮ ನಿಯಮ. ನೀನು ಓಡಿಹೋಗಬೇಡ" ಎಂದಳು. ಓಡಲಿಲ್ಲ. ಬಂದವರು ಫ್ಲ್ಯಾಟ್ ನೋಡಿದರು, ಏನೂ ಸಿಗಲಿಲ್ಲ. ಮಾರಿದವನ ವಿಷಯಕ್ಕೆ ನನ್ನನ್ನು ಇಷ್ಟು ದಿನ ಇಟ್ಟುಕೊಂಡರು.

ಹಮೀದಾಕ ಒಮ್ಮೆ ನೋಡಲು ಬಂದಿದ್ದರು. "ನಿನ್ನನ್ನು ಬಿಡಿಸ್ಲಿಕ್ಕೆ ಬಂದದ್ದಲ್ಲ. ದೀಕ್ಷಿತನ ತಾಯಿ ದಿನಾ ಫೋನ್ ಮಾಡ್ತಾರೆ. ನಾನೆಂತ ಹೇಳ್ಲಿ, ನೀನೇ ಹೇಳು" ಎಂದರು. ಯಂತ್ರದ ಗ್ಯಾಸ್ ಸೋರಿತು ಎನ್ನಿ ಎಂದೆ. "ನನ್ನ ಬಾಯಲ್ಲಿ ಸುಳ್ಳು ಹಾಕ್ಬೇಡ" ಎಂದು ಎದ್ದು ಹೋದರು. ಆದರೂ ಕಂಪನಿಯವರ ಜೊತೆ ಬಂದು ನನಗಾಗಿ ಸಹಿ ಹಾಕಿದವರು ಅವರೇ.

ನನಗೆ ಎಕ್ಸಿಟ್ ಆಗಿದೆ, ಊರಿಗೆ ಕಳಿಸುತ್ತಿದ್ದಾರೆ. ಇಲ್ಲಿರುವ ಪರವಾನಗಿ ಇಕಾಮಾ ರದ್ದು, ಇನ್ನು ಈ ದೇಶಕ್ಕೆ ಬರುವ ಹಾಗಿಲ್ಲ. ದೀಕ್ಷಿತನನ್ನೂ ಅದೇ ವಿಮಾನದಲ್ಲಿ ಮಂಗಳೂರಿಗೆ ಕಳಿಸುತ್ತಾರೆ, ಜೊತೆಗೆ ನಾನು. ಅವನ ಕಣ್ಣು ಪೂರ್ತಿ ಬರಲಿಲ್ಲ.

ಸುಜಿತ್


ಚೆಸ್ಟರ್‌ಫೀಲ್ಡ್
23 ಫೆಬ್ರವರಿ 2025

ಇವರೇ,

ನೀವು ಡಾಕ್ಟರಿಗೆ ಹೇಳಿದ್ದನ್ನು ಓದಿ ಹೆಮ್ಮೆಯಾಯಿತು. ಆ ಸಾಲಿನಲ್ಲೇ ನಿಲ್ಲಬೇಕಿತ್ತು. ಆದರೆ ನಾನು ನರ್ಸ್. ಮತ್ತೆ ಮೊದಲಿನಿಂದ ಓದಿದೆ.

ನಿಮ್ಮ ಪತ್ರದಲ್ಲಿ ಬೆಳಿಗ್ಗೆ ಆದ ಮೇಲೆ ನೇರ ಜುಮಾ ಮುಗಿದು ಹಮೀದಾಕ ಬರುತ್ತಾರೆ. ನಡುವೆ ಏನೂ ಇಲ್ಲ. ಬಾಟಲಿ ನಿಮ್ಮ ಕಣ್ಣ ಮುಂದೆ ಇತ್ತು. ವಾಸನೆಯಲ್ಲೇ ನಿಮಗೆ ಗೊತ್ತಾಗಿತ್ತು. ಹಾಗಾದರೆ ಅಷ್ಟು ಹೊತ್ತು ನೀವು ಏನು ಮಾಡುತ್ತಿದ್ದಿರಿ? ಪೊಲೀಸರು ಬಂದಾಗ ಫ್ಲ್ಯಾಟಿನಲ್ಲಿ ಏನೂ ಯಾಕೆ ಸಿಗಲಿಲ್ಲ?

ನನ್ನದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಈ ಊರು ಬಿಟ್ಟು ಬರುವುದಿಲ್ಲ. ನೀವು ಇಲ್ಲಿಗೆ ಬರುವುದಾದರೆ ವೀಸಾಕ್ಕೆ ನಾನು ಓಡಾಡುತ್ತೇನೆ. ಎಕ್ಸಿಟಿನ ವಿಷಯವನ್ನು ವೀಸಾದವರಿಗೆ ಮುಚ್ಚಿಡದೆ ಹೇಳೋಣ, ಆಮೇಲೆ ಆದದ್ದಾಗಲಿ. ಆದರೆ ಅದಕ್ಕೆ ಮೊದಲು ಆ ನಡುವಿನ ಹೊತ್ತನ್ನು ನನಗೆ ಬರೆಯಿರಿ.

ಅಕ್ಷಿತಾ


ಕಾರ್ಕಳ
9 ಮಾರ್ಚ್ 2025

ಪ್ರೀತಿಯ ಅಕ್ಷಿ,

ಉತ್ತರ ತಡವಾಯಿತು. ನಿನಗೆ ಬರೆಯುವ ಮೊದಲು ಅದನ್ನು ಇನ್ನೊಬ್ಬರಿಗೆ ಹೇಳಬೇಕಿತ್ತು. ಇವತ್ತು ಹೇಳಿ ಬಂದೆ.

ದೀಕ್ಷಿತನ ತಾಯಿಯ ಹೆಸರು ಅಕ್ಕು. ಬೀಡಿ ಕಟ್ಟಿ ಮಗನನ್ನು ಓದಿಸಿದವರು. ಹೋದ ವಾರ ಅವನನ್ನು ಮನೆಗೆ ಮುಟ್ಟಿಸಿದಾಗ, ಏನೋ ಕುಡಿದದ್ದು ವಿಷವಾಯಿತು ಎಂದಷ್ಟೇ ಹೇಳಿ ಓಡಿ ಬಂದಿದ್ದೆ. ಇವತ್ತು ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟರು. "ನೀನಿದ್ದದ್ದಕ್ಕೆ ಮಗ ಜೀವದಲ್ಲಿ ಬಂದ" ಎಂದರು. ಆ ಮಾತು ಕೇಳಿದ ಮೇಲೆ ಕೈಯಲ್ಲಿದ್ದ ಬೆಲ್ಲವನ್ನು ತಟ್ಟೆಯಲ್ಲಿಟ್ಟೆ. ದೀಕ್ಷಿತ್ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನೆದುರೇ ಹೇಳಿದೆ.

ಆ ದಿನ ನಿನ್ನ ಮೊದಲ ಮೇಲ್ ಬಂದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಆಸ್ಪತ್ರೆ ಬೇಡ, ಪೊಲೀಸ್ ಬೇಡ, ಉಪ್ಪು ಸಕ್ಕರೆ ನೀರು ಸಾಕು. ನೀನು ಹೇಳಿದ ಹಾಗೆ ಪರದೆ ಎಳೆಯಲು ಹೋದೆ. ಇನ್ನೂ ಎಳೆದಿರಲಿಲ್ಲ. ಬಿಸಿಲು ಅವನ ಮಂಚದ ಮೇಲೇ ಬಿದ್ದಿತ್ತು. ಅವನು ಕಣ್ಣು ತೆರೆದುಕೊಂಡೇ, "ಸುಜಿತಣ್ಣ, ಲೈಟ್ ಹಾಕಿ ಮಾರಾಯ್ರೆ, ಎಂತ ಕತ್ತಲೆ" ಎಂದ.

ಆಗ ನನಗೆ ಗೊತ್ತಾಯಿತು, ಅಕ್ಷಿ. ನಿನ್ನ ಎರಡನೆಯ ಮೇಲ್ ಬೇಕಿರಲಿಲ್ಲ. ಊರಲ್ಲಿ ಕಳ್ಳಭಟ್ಟಿ ಕುಡಿದು ಕಣ್ಣು ಹೋದವರ ಸುದ್ದಿ ಕೇಳಿ ಬೆಳೆದವನು ನಾನು. ಹಮೀದಾಕನಿಗೆ ಫೋನ್ ಮಾಡಬೇಕಿತ್ತು. ಟ್ಯಾಕ್ಸಿ ಕರೆಯಬೇಕಿತ್ತು. ನಾನು ಬಚ್ಚಲಿಗೆ ಹೋದೆ.

ನವೆಂಬರಿನಲ್ಲಿ ಚೆಲ್ಲಿದೆ ಎಂದು ನಿನಗೆ ಬರೆದೆನಲ್ಲ, ಚೆಲ್ಲಿರಲಿಲ್ಲ. ಮತ್ತೆ ಮತ್ತೆ ಮಾಡುತ್ತಿದ್ದೆ. ನೀನು ಬರೆದ ರುಚಿ ಬರಬೇಕು ಎಂದು ಹಟ. ಆಸ್ಪತ್ರೆಗೆ ಹೋದರೆ ಪೊಲೀಸರು ಫ್ಲ್ಯಾಟಿಗೆ ಬರುತ್ತಾರೆ. ಅದನ್ನೆಲ್ಲ ಚರಂಡಿಗೆ ಸುರಿದೆ. ಕ್ಯಾನುಗಳನ್ನು ತೊಳೆದೆ, ಕತ್ತರಿಸಿದೆ, ಚೀಲದಲ್ಲಿ ತುಂಬಿ ಎರಡು ಬೀದಿ ಆಚೆಯ ಕಸದ ಡಬ್ಬಕ್ಕೆ ಹಾಕಿ ಬಂದೆ. ಮತ್ತೆ ಬಂದು ನೆಲಕ್ಕೆ ಡೆಟ್ಟಾಲ್ ಹಾಕಿ ಉಜ್ಜಿದೆ. ಅವನು ಒಳಗಿನಿಂದ ಕರೆಯುತ್ತಲೇ ಇದ್ದ. "ಬಂದೆ, ಬಂದೆ" ಎನ್ನುತ್ತಿದ್ದೆ. ಹಮೀದಾಕ ಬಾಗಿಲು ತೆಗೆದಾಗ ನನ್ನ ಕೈಯಲ್ಲಿ ಬ್ರಷ್ ಇತ್ತು.

ಅಕ್ಕು ಎಲ್ಲ ಕೇಳಿದರು. ನಾನು ಮುಗಿಸಿದ ಮೇಲೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ಆ ಹೊತ್ತಿಗೇ ಹೋಗಿದ್ರೆ ಇವನ ಕಣ್ಣು ಉಳೀತಿತ್ತಾ?"

"ಗೊತ್ತಿಲ್ಲಮ್ಮ. ಉಳಿದ್ರೂ ಉಳೀತಿತ್ತು."

"ನೀನು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದರು. "ಈಗ ನಿನ್ನನ್ನು ಬೈಯ್ಲಿಕ್ಕೂ ಆಗುವುದಿಲ್ಲ, ಬೈಯದೆ ಇರ್ಲಿಕ್ಕೂ ಆಗುವುದಿಲ್ಲ."

ಆಗ ದೀಕ್ಷಿತ್ ಮಾತಾಡಿದ. "ನನಗೆ ಗೊತ್ತಿತ್ತು ಅಮ್ಮ. ನೀರು ಬಿಡುವ ಶಬ್ದ ಕೇಳ್ತಿತ್ತು." ಅಷ್ಟೇ. ಇಷ್ಟು ದಿನ ಆಸ್ಪತ್ರೆಯಲ್ಲಿ, ವಿಮಾನದಲ್ಲಿ ನನ್ನ ಭುಜ ಹಿಡಿದುಕೊಂಡು ನಡೆದವನು ಒಮ್ಮೆಯೂ ಅದನ್ನು ಹೇಳಿರಲಿಲ್ಲ.

ಅವನ ದೃಷ್ಟಿಯ ನಡುಭಾಗ ಹೋಗಿದೆ. ಅಂಚಿನಲ್ಲಿ ಮಾತ್ರ ಕಾಣುವುದು. ಯಾರನ್ನಾದರೂ ನೋಡಬೇಕಾದರೆ ಅವರಿಂದ ಮುಖ ತಿರುಗಿಸಬೇಕು. ತಾಯಿಯ ಮುಖ ನೋಡಲಿಕ್ಕೆ ಅವನು ಅಂಗಳದ ಕಡೆ ತಿರುಗಿದ. ಅಕ್ಕುವಿಗೆ ಅದಿನ್ನೂ ಅಭ್ಯಾಸವಾಗಿಲ್ಲ. ಮಗ ತನ್ನಿಂದ ಮುಖ ತಿರುಗಿಸಿದ ಎಂದುಕೊಂಡು ಎದ್ದು ಅಂಗಳದ ಬದಿಗೆ ಬಂದು ನಿಂತರು. ಅವನು ಮತ್ತೆ ಗೋಡೆಯ ಕಡೆ ತಿರುಗಿದ. ಅವರು ಮತ್ತೆ ಗೋಡೆಯ ಬದಿಗೆ ಬಂದರು. ನಾನು ನೋಡುತ್ತ ಕೂತೆ. ಕೊನೆಗೆ ಅವನೇ ಕೈ ಚಾಚಿ ತಾಯಿಯ ಸೆರಗು ಹಿಡಿದು, "ಒಂದು ಕಡೆ ನಿಲ್ಲಮ್ಮ, ನೋಡ್ತಾ ಇದ್ದೇನೆ" ಎಂದ.

ಅಲ್ಲಿಂದ ಎದ್ದು ಬಸ್‌ಸ್ಟ್ಯಾಂಡಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನೀನು ಕೇಳಿದ ನಡುವಿನ ಹೊತ್ತು ಇದು. ಇದನ್ನು ಓದಿದ ಮೇಲೂ ಬನ್ನಿ ಎನ್ನುವುದಾದರೆ ಬರೆ. ಇಲ್ಲದಿದ್ದರೂ ಬರೆ.

ಸುಜಿತ್